ಹೊಟ್ಟೆ ಮುಟ್ಟಿ ನೋಡಿದ ತಪ್ಪಿಗೆ

ಇಳಕಲ್ಲು, ೩೦ ಫೆಬ್ರುವರಿ ೨೧೭೪

ನೂರೈವತ್ತು ವರ್ಷ ಹಿಂದಿನ ನರ್ಸಮ್ಮಂದಿರಿಗೆ ಶಿವಗಂಗಾ ಹಡಪದ ಎಂಬ ನರ್ಸಿನ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಕೇಳರಿಯದ ಪದ ಬಂದರೆ ಮನ್ನಿಸಿ.

ದೂರಗಣ್ಣು ಎಂದರೆ ನಿಮ್ಮ ಟೆಲಿಮೆಡಿಸಿನ್ ಪರದೆಯ ಮರಿಮಗಳು. ಮನೆಮನೆಯ ಗೋಡೆಯಲ್ಲೂ ಇದೆ. ನಾಡಿ, ರಕ್ತದೊತ್ತಡ, ಉಸಿರು ಎಲ್ಲವನ್ನೂ ಅದೇ ಅಳೆಯುತ್ತದೆ, ಔಷಧಿಯನ್ನೂ ಅದೇ ಹೇಳುತ್ತದೆ. ಅದರಿಂದ ಬದುಕಿದವರು ಎಷ್ಟೋ ಜನ. ಅದನ್ನು ಬೈಯಲು ನಾನು ಕೂತಿಲ್ಲ. ಆದರೆ ನರ್ಸಿನ ಕೆಲಸವೀಗ ರೋಗಿಯನ್ನು ಅದರ ಮುಂದೆ ನೆಟ್ಟಗೆ ಕೂರಿಸುವುದು, ಮಾತ್ರೆ ನುಂಗಿಸುವುದು, ಕಿವಿ ಮಂದವಾದವರಿಗೆ ಅದು ಹೇಳಿದ್ದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳುವುದು, ಅಷ್ಟೇ. ಮುಟ್ಟಿ ನೋಡುವುದು ನಿಯಮದಲ್ಲಿಲ್ಲ.

ಹೋದ ವಾರ ಮಗ್ಗದ ಓಣಿಯ ಬಸುರಿ ಮಾಬೂಬಿಗೆ ಎಂಟು ತಿಂಗಳಲ್ಲೇ ನೋವು ಬಂತು. ನಾಡಿ ಸರಿಯಿದೆ, ಒತ್ತಡ ಸರಿಯಿದೆ, ರಕ್ತ ಹೋಗಿಲ್ಲ, ಮಲಗಿರಲಿ ಎಂದಿತು ದೂರಗಣ್ಣು. ಅವಳು ನನ್ನ ಸೆರಗು ಬಿಡಲಿಲ್ಲ.

"ಅಕ್ಕಾರ, ನನಗಿದು ಮೂರನೇದು. ಹೆರಿಗಿ ಬ್ಯಾನಿ ಬಂದು ಹೋಗ್ತೈತಿ. ಇದು ಹಿಡದದ್ದು ಬಿಡವಲ್ದು."

ಹೊಟ್ಟೆಯ ಮೇಲೆ ಕೈಯಿಟ್ಟೆ. ಹಲಗೆಯ ಹಾಗೆ ಗಟ್ಟಿ. ಒಳಗೇ ರಕ್ತ ತುಂಬುತ್ತಿದ್ದರೆ ಹೀಗಾಗುತ್ತದೆಂದು ನನಗೆ ಕೆಲಸ ಕಲಿಸಿದ ಹಿರಿಯ ನರ್ಸ್ ಹೇಳಿದ್ದರು. ದೂರಗಣ್ಣು ಬೇಡವೆಂದರೂ ಗಾಡಿ ಕರೆಸಿ ಆಸ್ಪತ್ರೆಗೆ ಒಯ್ದೆ. ಕೊಯ್ದು ನೋಡಿದರೆ ಒಳಗೆಲ್ಲ ರಕ್ತ. ತಾಯಿ ಉಳಿದಳು, ಹೆಣ್ಣು ಕೂಸೂ ಉಳಿಯಿತು.

ನನ್ನ ಕೆಲಸ ಉಳಿಯುವುದೋ ಇಲ್ಲವೋ ಗೊತ್ತಿಲ್ಲ. ನಿಯಮ ಮುರಿದೆನೆಂದು ನಮ್ಮ ಆರೋಗ್ಯ ಮಂಡಳಿಯವರು ವಿಚಾರಣೆ ಇಟ್ಟಿದ್ದಾರೆ. ಮಂಡಳಿಯವರದು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು: ಒಂದು ಸಲ ಸರಿಹೋಯಿತೆಂದರೆ ಅದು ಅದೃಷ್ಟ, ಕೈಯನ್ನು ನಂಬಬೇಕಾದರೆ ಹಳೆಯ ದಾಖಲೆ ತೋರಿಸು ಅನ್ನುತ್ತಾರೆ. ದೂರಗಣ್ಣು ವಿದ್ಯೆ ಕಲಿತದ್ದು ನಿಮ್ಮ ಕಾಲದ ರಿಜಿಸ್ಟರುಗಳಿಂದ. ನಾಲ್ಕು ದಿನ ಅವನ್ನು ತಡಕಾಡಿದೆ. ಪರದೆಯೊಳಗಿಂದ ಡಾಕ್ಟರು ಹೇಳಿದ್ದೆಲ್ಲ ಇದೆ. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ನಿಮ್ಮ ಒಂದು ಮಾತೂ ಇಲ್ಲ. ಫಾರಂನಲ್ಲಿ ಜಾಗ ಇರಲಿಲ್ಲವೇನೋ. ನನಗೆ ಸಿಟ್ಟು ಬಂತು ತಾಯಂದಿರಾ, ಅಳುವೂ ಬಂತು. ನೀವು ಮುಟ್ಟಿ ನೋಡಿದ್ದಿರಿ, ಅದರಲ್ಲಿ ನನಗೆ ಅನುಮಾನವಿಲ್ಲ.

ನಾನಂತೂ ತಪ್ಪೊಪ್ಪಿಗೆ ಬರೆದುಕೊಡುವುದಿಲ್ಲ. ನಾಳೆ ಇನ್ನೊಬ್ಬಳು ಕರೆದರೆ ಅವಳ ಹೊಟ್ಟೆಯನ್ನೂ ಮುಟ್ಟುತ್ತೇನೆ. ನೀವು ಇಷ್ಟು ಮಾಡಿ. ನಿಮ್ಮ ಕೈಗೆ ಏನು ತಿಳಿಯಿತೋ ಅದನ್ನು ಬರೆಯಿರಿ. ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ. ಇವತ್ತೇ ಬರೆಯಿರಿ. ನನ್ನ ವಿಚಾರಣೆ ನಾಳೆ ಬೆಳಿಗ್ಗೆ.