ಬರ್ಚ್ ಮರಕ್ಕೆ ನೇತುಹಾಕಿದ ಚಾಕು

ಮಾನ್ಯ ಹಿಮಮಾರ್ಗ ಅಧಿಕಾರಿಗಳೇ,

ಧ್ರುವಪ್ರಭೆ ನೋಡಲು ಬರುವ ಪ್ರವಾಸಿಗರಿಗಾಗಿ ತಾವು ಹಿಮದ ಮೇಲೆ ಹಾಕಿಸಿದ ಸ್ನೋಮೊಬೈಲ್ ವಾಹನಗಳ ದಾರಿ, ಅದೇ ಧ್ರುವಪ್ರಭೆಯನ್ನು ಅಳೆಯುವ ನಮ್ಮ ಗುಡಿಸಲಿನ ಗೋಡೆಗೆ ಅಂಟಿಕೊಂಡೇ ಹೋಗುತ್ತದೆ. ಇಡೀ ಲ್ಯಾಪ್‌ಲ್ಯಾಂಡಿನಲ್ಲಿ ತಮಗೆ ಬೇರೆ ಜಾಗವೇ ಕಾಣಲಿಲ್ಲವೇ?

ಆ ಗುಡಿಸಲಿಗೆ ಕಬ್ಬಿಣದ ಒಂದು ಮೊಳೆಯನ್ನೂ ಹೊಡೆದಿಲ್ಲ. ಸೂರ್ಯನ ಕಡೆಯಿಂದ ಬೀಸುವ ಕಣಗಳ ಗಾಳಿ ಭೂಮಿಯನ್ನು ಸುತ್ತುವರಿದ ಕಾಂತಗೋಳವನ್ನು ಜಗ್ಗಿ ಜಗ್ಗಿ, ಅದು ಒಮ್ಮೆಲೇ ಸಡಿಲಗೊಂಡಾಗ ಆಕಾಶ ಹಸಿರಾಗಿ ಹೊತ್ತಿಕೊಳ್ಳುತ್ತದೆ. ವಿಜ್ಞಾನಿಗಳು ಇದನ್ನು ಉಪಬಿರುಗಾಳಿ ಎನ್ನುತ್ತಾರೆ. ಆ ಹೊತ್ತಿನ ಕಾಂತಬಲದ ಏರಿಳಿತವನ್ನು ಒಳಗಿನ ಮಾಪಕ ಗೆರೆಯಾಗಿ ಬರೆಯುತ್ತದೆ. ಹತ್ತಿರ ಕಬ್ಬಿಣ ಸುಳಿದರೆ ಗೆರೆ ಕೆಡುತ್ತದೆ. ಅದಕ್ಕೇ ನಮ್ಮ ಹಿಮಸಾರಂಗ ಕಾಯುವವರು, ಮಲಗುವಾಗಷ್ಟೇ ಸೊಂಟದ ಚಾಕು ಬಿಚ್ಚುವ ಜನ, ಗುಡಿಸಲಿನ ಕಡೆ ಬರಬೇಕಾದರೆ ವಾಹನವನ್ನು ದೂರದಲ್ಲೇ ಬಿಟ್ಟು, ಚಾಕುವನ್ನು ಬರ್ಚ್ ಮರಕ್ಕೆ ನೇತುಹಾಕಿ ನಡೆದು ಬರುತ್ತಾರೆ. ಯಾರೂ ಬೋರ್ಡು ಬರೆಸಿ ಹೇಳಿದ್ದಲ್ಲ.

ತಾವು ಪರಿಶೀಲನೆಗೆ ಬಂದ ದಿನ ನೆನಪಿದೆಯೇ? ಗುಡಿಸಲು ನೋಡಿಕೊಳ್ಳುವ ನಾನು, ದೂರ ನಿಲ್ಲಿಸಿ ಎಂದು ಕೈಬೀಸಿದೆ. ತಾವು ವಾಹನವನ್ನು ಬಾಗಿಲಿಗೇ ತಂದಿರಿ. ನನ್ನ ಚಿಕ್ಕಪ್ಪ ಆಸ್ಲತ್ ಖಾಲಿ ಒರೆ ತೋರಿಸಿ, "ಸಾಹೇಬ್ರೇ, ನಾನು ಚಾಕುನೇ ಬಿಟ್ಟು ಬಂದೀನಿ, ನೀವು ಇಷ್ಟು ದೊಡ್ಡ ಕಬ್ಬಿಣದ ಮೇಲೆ ಕೂತ್ಕೊಂಡು ಬಂದ್ರಲ್ಲ" ಎಂದ. ತಾವು ನಕ್ಕು, "ಏನಾಯ್ತೀಗ? ಎಲ್ಲ ಸರಿಯಾಗೇ ಇದೆಯಲ್ಲ" ಎಂದು ಬೂಟಿನ ಹಿಮ ಕುಟ್ಟಿ ಉದುರಿಸಿದಿರಿ. ತಾವು ಹೋದ ಬೆನ್ನಿಗೇ ಸಂಶೋಧನಾ ಸಂಸ್ಥೆಯಿಂದ ನನಗೆ ಫೋನು. ಬೇರೆಲ್ಲ ಕೇಂದ್ರಗಳು ತಣ್ಣಗಿವೆ, ನಿಮ್ಮಲ್ಲಿ ಮಾತ್ರ ಏನಿದು ಬಿರುಗಾಳಿ ಎಂದು ಕೇಳಿದರು. ಅಧಿಕಾರಿಗಳು ಬಂದಿದ್ದರು ಎಂದೆ.

ಈಗ ನಗು ಬರುತ್ತಿಲ್ಲ. ಪ್ರಭೆ ಜೋರಾದಷ್ಟೂ ತಮ್ಮ ಪ್ರವಾಸಿಗರ ಸಾಲು ಉದ್ದವಾಗುತ್ತದೆ. ಅಳೆಯಲೇಬೇಕಾದ ಗಳಿಗೆಯಲ್ಲೇ ಗೆರೆ ಹಾಳು. ಈ ಚಳಿಗಾಲದ ಒಂದು ಉಪಬಿರುಗಾಳಿಯ ಅಳತೆಯೂ ಕೆಲಸಕ್ಕೆ ಬಾರದು, ಇನ್ನೊಂದು ಚಳಿಗಾಲ ಹೀಗೇ ಆದರೆ ಕೇಂದ್ರ ಮುಚ್ಚುತ್ತೇವೆ ಎಂದು ಸಂಸ್ಥೆ ತಿಳಿಸಿದೆ. ನನ್ನ ಅಜ್ಜಿಯ ಕಾಲದಿಂದ ಕಡಿಯದೆ ಬಂದ ಗೆರೆ ಅದು. ನನ್ನ ಕೈಯಲ್ಲಿ ಅದು ಕಡಿದುಹೋಗುತ್ತದೆಂದು ನನಗೆ ಭಯವಾಗಿದೆ. ಅಳೆಯದೆ ಕಳೆದ ಆಕಾಶವನ್ನು ಯಾವ ಇಲಾಖೆ ಮರುಮಂಜೂರು ಮಾಡುತ್ತದೆ?

ಮೊನ್ನೆ ಚಿಕ್ಕಪ್ಪ ಬರ್ಚ್ ಮರ ದಾಟಿ ಬಂದ. ಚಾಕು ಸೊಂಟದಲ್ಲೇ ಇತ್ತು. ನಾನು ಅದನ್ನೇ ನೋಡುತ್ತಿದ್ದುದು ಕಂಡು, "ಇನ್ಯಾತಕ್ಕೆ ಬಿಚ್ಚಿಡ್ಲಿ ಮಗಳೇ" ಎಂದ.

ಮುಂದಿನ ಹಿಮ ಬೀಳುವ ಮೊದಲು ಆ ದಾರಿಯನ್ನು ಗುಡ್ಡದ ಆಚೆಗೆ ಸರಿಸಿ. ಅಲ್ಲಿಂದಲೂ ಇದೇ ಆಕಾಶ ಕಾಣುತ್ತದೆ. ಸರಿಸಿದ ಮೇಲೆ ಚಿಕ್ಕಪ್ಪನಿಗೆ ತಾವೇ ಬಂದು ಹೇಳಿ. ದಯವಿಟ್ಟು ನಡೆದುಕೊಂಡು ಬನ್ನಿ.

ಇಂತಿ,
ಕಬ್ಬಿಣದ ಬಕಲ್ ಇದೆಯೆಂದು ಬೆಲ್ಟನ್ನೂ ಬಿಚ್ಚಿಟ್ಟು ಕೆಲಸಕ್ಕೆ ಹೋಗುವ,
ಸದ್ಯಕ್ಕೆ ತಮ್ಮ ಓಡಾಟವನ್ನಷ್ಟೇ ಅಳೆಯುತ್ತಿರುವ
ರಿಸ್ತೆನ್