ಪಾಳಿಪುಸ್ತಕದ ಆ ಸಾಲು

ಚೂಟಿಗೆ, ನಿನ್ನ ಕ್ರೇನ್ ಮೇಷ್ಟ್ರ ಆಶೀರ್ವಾದಗಳು.

‘ಭಾರ ಗಾಳಿಯಲ್ಲಿರುವಾಗ ಮೇಷ್ಟ್ರು ತೂಕಡಿಸಿದರು. ನಾನು ಯಂತ್ರ ನಿಲ್ಲಿಸಿದೆ.’ ಪಾಳಿಪುಸ್ತಕದಲ್ಲಿ ನೀನು ಬರೆದ ಈ ಸಾಲನ್ನು ಹೊಡೆದುಹಾಕಲು ನನ್ನ ಅನುಮತಿ ಕೇಳಿರುವೆ. ಅನುಮತಿಯಿಲ್ಲ.

ಅಂದು ನಾನು ಎಲ್ಲರೆದುರು, “ಉಂಡ ಮನೆಗೇ ಎರಡು ಬಗೀತೀಯಾ?” ಎಂದು ಕೂಗಾಡಿದೆ. ನೀನು ಕಣ್ಣೊರೆಸಿಕೊಳ್ಳುತ್ತಲೇ, “ಎಷ್ಟು ಬೇಕಾದ್ರೂ ಬೈರಿ ಸಾರ್, ಕ್ರೇನ್ ಕೀಲಿ ಮಾತ್ರ ಕೊಡಲ್ಲ. ಊಟ ಆದ್ಮೇಲೆ ಮಲಗ್ತೀರಲ್ಲ, ಗೊರಕೆ ಮಧ್ಯೆ ನಿಮ್ಮ ಉಸಿರೇ ನಿಲ್ಲುತ್ತೆ. ಮೊದಲು ಡಾಕ್ಟರ್ ಹತ್ರ ಹೋಗಿ” ಎಂದೆ.

ಹೋದೆ. ನಿದ್ರೆಯ ಪರೀಕ್ಷೆಯಲ್ಲಿ ನನ್ನ ಉಸಿರು ಗಂಟೆಗೆ ನಲವತ್ತೆರಡು ಬಾರಿ ಕಟ್ಟಿತಂತೆ. ಮಲಗಿದೊಡನೆ ಗಂಟಲು ಕುಸಿದು ಗಾಳಿಯ ದಾರಿ ಮುಚ್ಚುತ್ತದೆ. ಪ್ರತಿಸಲವೂ ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಹೀಗಾಗಿ ಹಗಲೆಲ್ಲ ಮಂಪರು. ಈಗ ಮಲಗುವಾಗ ಮುಖಕ್ಕೆ ಕಟ್ಟಿಕೊಳ್ಳುವ ಕೊಳವೆಯೊಂದು ಗಾಳಿಯೂದಿ ಆ ದಾರಿಯನ್ನು ತೆರೆದಿಡುತ್ತದೆ. ಮೊದಲ ವಾರ ಕಿತ್ತೆಸೆದಿದ್ದೆ. ನನ್ನಾಕೆ, “ಹಾಕ್ಕೊಂಡ್ರೆ ಆನೆ ಥರ ಕಾಣ್ತೀರಿ, ತೆಗೆದ್ರೆ ಆನೆ ಥರ ಘೀಳಿಡ್ತೀರಿ. ಕಾಣೋದೇ ವಾಸಿ” ಎಂದಳು. ಹತ್ತು ವರ್ಷಗಳ ಬಳಿಕ ತಲೆನೋವಿಲ್ಲದೆ ಏಳುತ್ತಿದ್ದೇನೆ.

ಆ ಭಾರದ ಕೆಳಗೆ, ಅದನ್ನು ಕೊಕ್ಕೆಗೆ ಬಿಗಿದ ನಮ್ಮ ಸರಪಳಿಗಾರ ನಿಂತಿದ್ದನೆಂಬುದನ್ನು ನಾನು ಮರೆತಿಲ್ಲ. ಕಂಡದ್ದನ್ನು ಕಂಡಂತೆ ಬರೆಯಬೇಕೆಂದು ಕಲಿಸಿದವನು ನಾನು. ಬೈಗುಳದ ನಡುವೆಯೂ ಬರೆದವಳು ನೀನು.

ಸೋಮವಾರ ವೈದ್ಯರ ಪತ್ರದೊಡನೆ ಬರುತ್ತೇನೆ. ಒಂದು ವಿನಂತಿ: ದಿನವಿಡೀ ಭಾರವನ್ನು ನೀನೇ ಎತ್ತು, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ. ಸಂಜೆ ಆ ಸಾಲಿನ ಕೆಳಗೇ, ನನ್ನಲ್ಲಿ ಕಂಡದ್ದನ್ನು ಬರೆ. ಕೀಲಿ ಕೊಡುವುದೋ ಬಿಡುವುದೋ ಆಮೇಲೆ ನೀನು ತೀರ್ಮಾನಿಸು.

ನಿನ್ನೆದುರು ಪರೀಕ್ಷೆಗೆ ಕೂರಲು ಹೆಮ್ಮೆಪಡುವ,
ಮೇಷ್ಟ್ರು