ಹಗುರ ಚಕ್ರ ಹಾಕಬೇಡ

ಬಂಗಾರಪೇಟೆ ರೈಲು ನಿಲ್ದಾಣ
೧೪-೧೧-೨೦೨೫, ಶುಕ್ರವಾರ

ಮುದ್ದಿನ ಮಗಳು ಚಂದನಾಗೆ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಮೈಸೂರಿನ ಚಳಿಗೆ ಕಿವಿ ಮುಚ್ಚಿಕೊಳ್ಳುತ್ತೀಯೋ, ಕೂದಲು ಕೆಡುತ್ತದೆಂದು ಹಾಗೇ ತಿರುಗುತ್ತೀಯೋ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ತಾತ ಚೆನ್ನಾಗಿದ್ದಾರೆ, ಹಸುಗಳು ನಮ್ಮೆಲ್ಲರಿಗಿಂತ ಚೆನ್ನಾಗಿವೆ. ನನ್ನ ವಿಷಯ ಇರಲಿ. ಮೊದಲು ಒಂದು ಮಾತು. ಬುಧವಾರ ಬಸ್ ಪಾರ್ಸೆಲ್ಲಿನಲ್ಲಿ ಕಳಿಸಿದ ಕಾರ್ಬನ್ ಚಕ್ರಗಳನ್ನು ಭಾನುವಾರದ ಸೈಕಲ್ ಆಯ್ಕೆ ರೇಸಿಗೆ ಹಾಕಬೇಡ. ಈಗಾಗಲೇ ಹಾಕಿದ್ದರೆ ಪತ್ರ ಪಕ್ಕಕ್ಕಿಟ್ಟು ಬಿಚ್ಚು. ಬಿಚ್ಚಿದ ಮೇಲೆ ಮುಂದಕ್ಕೆ ಓದು.

ನಿಮ್ಮ ಕ್ಯಾಂಪಿನವರು ರೇಸ್ ಮುಗಿಯುವವರೆಗೆ ಮಕ್ಕಳ ಫೋನುಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಿದ್ದಾರೆ. ಆಫೀಸಿನ ಫೋನು ಬೆಳಗಿನಿಂದ ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ. ಬಂದೇಬಿಡೋಣವೆಂದರೆ ಹೆತ್ತವರನ್ನು ಗೇಟಿನೊಳಗೆ ಬಿಡುವುದಿಲ್ಲ. ಪುಣ್ಯಕ್ಕೆ ನಿಮ್ಮ ಕ್ಯಾಂಪಿನ ಅಡುಗೆಯ ನರೇಶ್ ರಜೆ ಮುಗಿಸಿ ತನ್ನೂರು ಊರಿಗಾಮಿನಿಂದ ಹೊರಟಿದ್ದಾನೆ. ಅವನ ಜೇಬಿನಲ್ಲಿ ಈ ಪತ್ರ, ಹೆಗಲಲ್ಲಿ ಗೋಣಿಚೀಲ. ಚೀಲದಲ್ಲಿರುವುದು ನೀನು ಮನೆಯಲ್ಲಿ ಬಿಟ್ಟುಹೋದ ಹಳೇ ಸೈಕಲ್ಲಿನಿಂದ ಬಿಚ್ಚಿದ ಅಲ್ಯೂಮಿನಿಯಂ ಚಕ್ರಗಳು. ಬಾಯಲ್ಲೂ ನಾಲ್ಕು ಸಲ ಹೇಳಿದ್ದೇನೆ. ಆದರೆ ಸಾರಿಗೆ ಉಪ್ಪು ಹಾಕಿದ್ದನ್ನೇ ಮರೆಯುವ ಮನುಷ್ಯ ಅವನೆಂದು ನೀನೇ ಹೇಳಿದ್ದೆಯಲ್ಲ, ಅದಕ್ಕೇ ಕಾಗದ.

ನಿನಗೆ ಸಿಟ್ಟು ಬರುತ್ತದೆ. ಬರಲಿ. ವರ್ಷವೆಲ್ಲ ಅನ್ನ ನೀರಿನ ಜೊತೆ ಕಾರ್ಬನ್ ಕಾರ್ಬನ್ ಎಂದು ಜಪ ಮಾಡಿದವಳು ನೀನು. "ಆ ಚಕ್ರ ಒಂದಿದ್ರೆ ಚಾಮುಂಡಿ ಬೆಟ್ಟ ನಂದೇ ಅಪ್ಪಾ" ಎಂದಿದ್ದೆ. ಹೋದ ವಾರ ನಾನೂ ಇದೇ ಬಾಯಲ್ಲಿ ಕಾರ್ಬನ್ನೇ ಗಟ್ಟಿ ಎಂದು ವಾದಿಸಿದ್ದೆ, ನಿಜ. ಈಗ ಬೇರೆ ಹೇಳುತ್ತೇನೆ, ಕೇಳು. ಅಲ್ಯೂಮಿನಿಯಂ ರಿಮ್ಮು ಏಟು ತಿಂದರೆ ಸೊಟ್ಟಗಾಗಿ ತನ್ನ ನೋವು ತಾನೇ ಹೇಳಿಕೊಳ್ಳುತ್ತದೆ. ಕಾರ್ಬನ್ ಹಾಗಲ್ಲ. ಒಳಗೆ ಸೀಳಿದ್ದರೂ ಮದುವೆ ಮನೆಯ ಬೀಗರಂತೆ ಹೊಳೆಯುತ್ತಾ ನಿಂತಿದ್ದು, ಇಳಿಜಾರಿನಲ್ಲಿ ನೀನು ಬ್ರೇಕ್ ಹಿಡಿದಾಗ ಕೈಕೊಡುತ್ತದೆ. ಹಳೇ ಚಕ್ರಕ್ಕೆ ಕಡ್ಡಿಗಳೂ ಹೆಚ್ಚು. ಚಾಂಪಿಯನ್ ರೀಫ್ಸಿನ ಸೈಕಲ್ ಶಾಪಿನ ಸೆಲ್ವರಾಜ್ ಅವನ್ನೆಲ್ಲ ಬಿಗಿದುಕೊಡುತ್ತಾ, "ಪಾಪ ರೇಸಲ್ಲಿ ಜಯಿಸ್ತಾಳೋ ಇಲ್ವೋ ಗೊತ್ತಿಲ್ಲ ಸಾರ್, ಮನೆಗೆ ಮಾತ್ರ ಬರ್ತಾಳೆ" ಎಂದ. ನನಗೆ ಅಷ್ಟು ಸಾಕು. ಹಗುರ ಚಕ್ರ ಓಡುತ್ತೆ ಜೋರು, ಗಟ್ಟಿ ಚಕ್ರ ಮುಟ್ಟುತ್ತೆ ಊರು. ಪ್ರಾಸಕ್ಕೆ ನೀನು ಮುಖ ಸಿಂಡರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಸಿಂಡರಿಸು, ಆದರೆ ಚಕ್ರ ಬದಲಿಸು. ಅದರ ಜೊತೆ ಬ್ರೇಕಿನ ರಬ್ಬರೂ ಬದಲಾಗಬೇಕು, ಹಳೆಯವು ಅದೇ ಚೀಲದಲ್ಲಿವೆ.

ಅಮ್ಮ ಹುರಿಗಡಲೆ ಉಂಡೆ ಕಟ್ಟಿಕೊಟ್ಟಿದ್ದಾಳೆ. ನಾನು ಪ್ಲಾಟ್‌ಫಾರಂ ಸೇರುವಷ್ಟರಲ್ಲಿ ಎರಡು ಕಡಿಮೆಯಾದವು, ಯಾಕೆಂದು ಕೇಳಬೇಡ. ರೈಲು ಕಾಯುವವನ ಬಾಯಿಗೆ ಏನಾದರೂ ಕೆಲಸ ಬೇಕು. ಭಾನುವಾರ ಬೆಳಿಗ್ಗೆ ಬೆಟ್ಟದ ಕೆಳಗೆ ನಿಂತಿರುತ್ತೇನೆ. ನೀನು ಎಷ್ಟನೆಯವಳಾಗಿ ಬಂದರೂ ಸರಿ, ಎಲ್ಲರೂ ಮನೆಗೆ ಹೋದ ಮೇಲೆ ಬಂದರೂ ಸರಿ, ಮೂಗು ಹಲ್ಲು ಮೊಣಕಾಲುಗಳನ್ನು ಇದ್ದ ಜಾಗದಲ್ಲೇ ಇಟ್ಟುಕೊಂಡು ಇಳಿದು ಬಾ. ತಾತನ ಆಶೀರ್ವಾದ, ಅಮ್ಮನ ಮುತ್ತು, ಮನೆದೇವರ ಕಾವಲು ನಿನ್ನ ಮೇಲಿರಲಿ.

ನಿನ್ನಪ್ಪ,
ವೆಂಕಟಾಚಲ

ತಾ.ಕ.: ರೈಲು ಬಂತು. ಮೇಲೆ ಬರೆದದ್ದೆಲ್ಲ ನಿಜ, ಆದರೆ ಅಸಲು ಕಾರಣ ಅದಲ್ಲ. ಮಂಗಳವಾರ ತಾತ ಹೊಸ ಚಕ್ರ ನೋಡಿ, "ಲೇ ವೆಂಕಿ, ಎರಡು ಕ್ಯಾನು ಆಲು ಒತ್ಕಂಡು ಡೇರಿ ಮುಟ್ಟಿದ್ರೆ ಗಾಡಿ ಕಣ್ಲಾ, ಇಲ್ದಿದ್ರೆ ಆಟದ ಸಾಮಾನು" ಎಂದರು. ನಮ್ಮ ಮನೆಗೆ ಬಂದ ಯಾವ ಗಾಡಿ ಆ ಪರೀಕ್ಷೆ ತಪ್ಪಿಸಿಕೊಂಡಿದೆ? ನಿನ್ನ ಹಳೇ ಸೈಕಲ್ಲಿಗೆ ಕಾರ್ಬನ್ ಚಕ್ರ ಹಾಕಿ, ಎರಡು ತುಂಬಿದ ಕ್ಯಾನು ಕಟ್ಟಿ, ಕ್ಯಾಸಂಬಳ್ಳಿ ಡೇರಿಗೆ ಹೋದೆ. ದಾರಿಯಲ್ಲಿ ಮುಂದಿನ ಚಕ್ರ ಗುಂಡಿಗೆ ದಡಕ್ಕನೆ ಇಳಿಯಿತು. ಅಲ್ಲಿಂದಾಚೆ ಟಿಕ್ ಟಿಕ್ ಎಂದು ಸದ್ದು. ಕ್ಯಾನಿನ ಹಿಡಿ ಅಲ್ಲಾಡುತ್ತಿದೆ ಎಂದುಕೊಂಡೆ, ಹಾಗಂದುಕೊಳ್ಳುವುದೇ ಸುಲಭವಾಗಿತ್ತು. ಒರೆಸಿ ಹೊಳಪು ಮಾಡಿ ನಿನಗೆ ಕಳಿಸಿದೆ. ಇವತ್ತು ಬೆಳಿಗ್ಗೆ ಅದೇ ದಾರಿಯಲ್ಲಿ, ಅವೇ ಕ್ಯಾನು ಕಟ್ಟಿಕೊಂಡು, ಹಳೇ ಚಕ್ರದಲ್ಲಿ ಹೋದೆ. ಬೇಕೆಂದೇ ಗುಂಡಿಗೆ ಇಳಿಸಿದೆ. ಕ್ಯಾನು ಒಂದು ಟಿಕ್ ಎಂದೂ ಉಸಿರೆತ್ತಲಿಲ್ಲ ಮಗಳೇ.